ಅಮಾತೆಪ್ಪ ಬರೆದ ನಕಾಶೆ

ಭಾನುವಾರ ಮಧ್ಯಾಹ್ನ ಮೂರೂ ನಲವತ್ತಕ್ಕೆ ಸುರಪುರದಲ್ಲಿ ಕರೆಂಟು ಹೋಯಿತು. ಊರಿನ ಉಳಿದವರಿಗೆ ಅದರಿಂದ ಫ್ಯಾನು ನಿಂತಿತು, ಅಷ್ಟೆ. ಅಮಾತೆಪ್ಪನಿಗೆ ಮಾತ್ರ ಒಂದು ಪೆಟ್ಟಿಗೆ ಬಂಗಾರವೇ ಕೈತಪ್ಪಿತು.

ಅವನು ಟಿವಿಯಲ್ಲಿ ಯಾವುದೋ ಹಳೆಯ ಸಿನಿಮಾ ನೋಡುತ್ತಿದ್ದ. ಶುರುವಾದ ಮೇಲೆ ಹಚ್ಚಿದ್ದರಿಂದ ಅದರ ಹೆಸರು ಗೊತ್ತಿರಲಿಲ್ಲ. ಸಮುದ್ರ, ಹಾಯಿಹಡಗು, ಕಳ್ಳಮಾಲು ಸಾಗಿಸುವ ಗಡ್ಡದ ಕ್ಯಾಪ್ಟನ್, ಕತ್ತಿ ಕಚ್ಚಿಕೊಂಡು ಹಗ್ಗಕ್ಕೆ ಜೋತುಬಿದ್ದು ಅವನನ್ನು ಅಟ್ಟುವ ಹೀರೋ. ಬೇರೆ ಭಾಷೆಯ ಸಿನಿಮಾಕ್ಕೆ ಕನ್ನಡದ ಮಾತು ಅಂಟಿಸಿದ್ದರು. ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಿತ್ತು. ಆದರೂ ಅಮಾತೆಪ್ಪ ಕೈಯಲ್ಲಿದ್ದ ಚಹಾ ಆರಿದ್ದೂ ತಿಳಿಯದಂತೆ ಕೂತಿದ್ದ. ಕೊನೆಗೆ ಕ್ಯಾಪ್ಟನ್ನನ ಎದೆಗೆ ಕತ್ತಿ ನಾಟಿತು. ಹೀರೋ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಂಗಾರದ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದ.

“ಕರಿ ಬಂಡೆಯ ಹತ್ತಿರ ಒಂದು ಬಾವಿ... ಅಲ್ಲಿಂದ ಏಳು ಹೆಜ್ಜೆ... ಅಲ್ಲ, ಅಲ್ಲ... ಅದು ನಿಜವಾಗಿ ಇರುವುದು...”

ಟಪ್ ಎಂದು ಟಿವಿ ಆರಿತು.

ಕರೆಂಟು ಬಂದಾಗ ಅದೇ ಚಾನೆಲ್ಲಿನಲ್ಲಿ ಒಬ್ಬಾಕೆ ಮಸಾಲೆ ಪುಡಿಯ ಗುಣಗಾನ ಮಾಡುತ್ತಿದ್ದಳು. ಅಮಾತೆಪ್ಪನಿಗೆ ಹಲ್ಲಿನ ಸಂದಿಯಲ್ಲಿ ಕಡ್ಡಿ ಸಿಕ್ಕಿಕೊಂಡ ಹಾಗಾಯಿತು. ಉಂಡರೂ ಅದೇ, ಮಲಗಿದರೂ ಅದೇ. ಹೆಂಡತಿ ದುರ್ಗಾಳನ್ನು ಕೇಳಿದರೆ, “ಅದು ಸಿನಿಮಾ ರೀ. ಸಿಕ್ಕರೂ ನಿಮಗ ಕೊಡ್ತಿದ್ರೇನು?” ಎಂದು ಹೊದ್ದುಕೊಂಡು ಮಲಗಿದಳು.

ಸೋಮವಾರ ಬೆಳಿಗ್ಗೆ ತಹಸೀಲ್ದಾರ್ ಕಚೇರಿ ಎದುರಿನ ತನ್ನ ಝೆರಾಕ್ಸ್ ಅಂಗಡಿ ತೆರೆದವನೇ ಶಹಾಪುರದಲ್ಲಿದ್ದ ಹೆಂಡತಿಯ ತಮ್ಮ ಬಸಲಿಂಗನಿಗೆ ಫೋನು ಮಾಡಿದ. ಬಸಲಿಂಗನಿಗೆ ಬೀಜ ಗೊಬ್ಬರದ ಅಂಗಡಿಯಿದ್ದರೂ ಜೀವವೆಲ್ಲ ಸಿನಿಮಾದಲ್ಲಿ.

“ಬಸಲಿಂಗ, ಆ ಕ್ಯಾಪ್ಟನ್ ಸತ್ನಲ್ಲ, ಸಾಯೋ ಮುಂದ ಮಾಲು ಎಲ್ಲಿ ಅದ ಅಂದ?” ಅಂಗಡಿಯೊಳಗೆ ನೆಟ್‌ವರ್ಕ್ ಸರಿಯಿರಲಿಲ್ಲವಾಗಿ, ಅಮಾತೆಪ್ಪ ಶಹಾಪುರಕ್ಕೆ ನೇರವಾಗಿ ಕೇಳಿಸುವಷ್ಟು ಜೋರಾಗಿ ಕೂಗಿದ.

“ಗುಡಿ ಒಳಗ ಇತ್ತಲ್ಲ ಮಾವ! ಹಾವು ಕಾಯಾಕತ್ತಿತ್ತು,” ಎಂದ ಬಸಲಿಂಗ. ಅವನು ಅದೇ ಹೊತ್ತಿಗೆ ಬೇರೆ ಚಾನೆಲ್ಲಿನಲ್ಲಿ ಬೇರೆಯೇ ನಿಧಿಯ ಸಿನಿಮಾ ನೋಡಿದ್ದ.

“ಹಾವು ಎಲ್ಲಿಂದ ಬಂತೋ? ಬಾವಿ ಅದ. ಕರಿ ಬಂಡಿ ಅದ. ಏಳು ಹೆಜ್ಜಿ ಅಂದಾನ.”

“ಏಳು ಹೆಜ್ಜಿ ಅಲ್ಲ ಮಾವ, ಏಳು ಹೆಡಿ!”

ಅಮಾತೆಪ್ಪನ ತಲೆ ಗಿರ್ರೆಂದಿತು. ತಾನು ನೋಡಿದ್ದರಲ್ಲಿ ಹಾವು ಇತ್ತೇ? ಕ್ಯಾಪ್ಟನ್ನನ ಸೊಂಟದ ಪಟ್ಟಿಯೇ ಹಾವಾಗಿತ್ತೇ? “ತಡಿ, ನಕಾಶಿ ಬರ್ದು ಫೋನಿಗಿ ಹಾಕ್ತೀನಿ. ನೋಡಿ ಹೇಳು,” ಎಂದು ಕಾಗದ ತೆಗೆದುಕೊಂಡ.

ಅವನು ಹುಟ್ಟಿದಾಗಿನಿಂದ ಸಮುದ್ರ ಕಂಡವನಲ್ಲ. ಬರೆಯುತ್ತ ಬರೆಯುತ್ತ ತೆಂಗಿನ ಮರ ಬೇವಿನ ಮರವಾಯಿತು. ದ್ವೀಪದ ಬಾವಿ ತನ್ನ ಮನೆಯ ಹಿತ್ತಲಿನ ಹಾಳು ಬಾವಿಯ ಹಾಗೇ ಒಂದು ಕಡೆ ಕುಸಿದು, ಮುರಿದ ರಾಟೆಯೊಂದಿಗೆ ಮೂಡಿತು. ಕರಿ ಬಂಡೆ ಚಪ್ಪಟೆಯಾಗಿ ಬಟ್ಟೆ ಒಗೆಯುವ ಕಲ್ಲಿನಂತಾಯಿತು. ಏಳು ಹೆಜ್ಜೆಗೆ ಕಾಗದದಲ್ಲಿ ಜಾಗ ಸಾಲದೆ, ಕಲ್ಲಿನ ಬುಡಕ್ಕೇ ಒಂದು ದೊಡ್ಡ ಕತ್ತರಿ ಗುರುತು ಹಾಕಿ, “ಕಳ್ಳಮಾಲು ಇಲ್ಲೇ?” ಎಂದು ಬರೆದ.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಜೈತುನಬೀ ಆಧಾರ್ ಕಾರ್ಡಿನ ಪ್ರತಿ ಮಾಡಿಸಲು ಬಂದಳು. ಕಣ್ಣು ಕಿರಿದು ಮಾಡಿ ನಕಾಶೆ ನೋಡಿದಳು.

“ಅಮಾತೆಪ್ಪ, ಇದು ನಿಮ್ಮ ಹಿತ್ತಲ ಬಾವಿ ಅಲ್ಲೇನು?”

ಕಿವಿಗೆ ಫೋನು ಒತ್ತಿಕೊಂಡಿದ್ದ ಅಮಾತೆಪ್ಪ, “ಹ್ಞೂ, ಹ್ಞೂ, ಬರಾಬ್ಬರಿ. ಅಲ್ಲೇ ಹೂತಿಟ್ಟಾರ,” ಎಂದ. ಅದು ಬಸಲಿಂಗನಿಗೆ ಹೇಳಿದ್ದು. ಜೈತುನಬೀ ಆಧಾರ್ ಕಾರ್ಡನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆದಳು. ಮೊಣಕಾಲು ನೋವೆಂದು ವರ್ಷದಿಂದ ಕುಂಟುತ್ತಿದ್ದವಳು ಅಂದು ಕುಂಟಲಿಲ್ಲ.

ಅವಳ ಹಿಂದೆಯೇ ಕೆಂಭಾವಿಯ ದೇವಿಂದ್ರ ತನ್ನ ಹೊಲದ ನಕಾಶೆ ಹಿಡಿದು ಬಂದ. “ಐದು ಝೆರಾಕ್ಸ್ ಜಲ್ದಿ ಹೊಡಿರಿ, ಸಾಹೇಬ್ರು ಹೋಗಿಬಿಡ್ತಾರ.” ಅಮಾತೆಪ್ಪ ಏಳು ಹೆಡೆ, ಏಳು ಹೆಜ್ಜೆ ಎಂದು ಲೆಕ್ಕ ಹಾಕುತ್ತಲೇ ಒಂದು ನಕಾಶೆಯನ್ನು ಗಾಜಿನ ಮೇಲಿಟ್ಟು ಐದು ಪ್ರತಿ ತೆಗೆದು ಕೊಟ್ಟ. ದೇವಿಂದ್ರ ಅವನ್ನು ನೋಡದೆಯೇ ಅಂಗಡಿಯ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆಯುವ ಅಂಬಣ್ಣನ ಮುಂದೆ ಇಟ್ಟ.

ಅಂಬಣ್ಣ ಕನ್ನಡಕ ಏರಿಸಿದ. ಇಳಿಸಿದ. ಮತ್ತೆ ಏರಿಸಿದ.

“ದೇವಿಂದ್ರ, ನಿನ್ನ ಹೊಲದಾಗ ಕಳ್ಳಮಾಲು ಎಂದಿನಿಂದ ಬೆಳೀತದ?”

ಅಷ್ಟಾದ ಮೇಲೆ ಅಂಬಣ್ಣ ಮಾಡಿದ ಮೊದಲ ಕೆಲಸವೆಂದರೆ ತನ್ನ ಸ್ಟೂಲನ್ನು ಎತ್ತಿಕೊಂಡು ಬಂದು ಅಂಗಡಿಯೊಳಗೆ, ಅಮಾತೆಪ್ಪನ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತದ್ದು.

“ತಮ್ಮಾ, ಇಪ್ಪತ್ತು ವರ್ಷ ಆತು ನಾವಿಬ್ರೂ ಒಂದೇ ನೆಳ್ಳಾಗ ಕುಂತು. ನಂಗ ಹೇಳಬಾರ್ದೇನು?”

“ಏನು ಹೇಳ್ಲಿ ಅಣ್ಣಾ? ನಂಗೇ ಪೂರಾ ಗೊತ್ತಿಲ್ಲ. ಹೇಳೋದ್ರಾಗೇ ಕ್ಯಾಪ್ಟನ್ ಸತ್ತ.”

“ಯಾವ ಕ್ಯಾಪ್ಟನ್?”

“ಕಳ್ಳಸಾಗಣಿ ಕ್ಯಾಪ್ಟನ್. ಸಿನಿಮಾದಾಂವ.”

ಅಂಬಣ್ಣ ಕಣ್ಣು ಮಿಟುಕಿಸಿದ. “ಶಾಣ್ಯಾ ಅದಿ. ಯಾರೇ ಕೇಳಿದ್ರೂ ಹಿಂಗೇ ಹೇಳು. ಸಿನಿಮಾ. ಹ್ಞಾಂ.”

ಹತ್ತೂವರೆಗೆ ಅಂಗಡಿಯ ಮುಂದೆ ಸಾಲು ನಿಂತಿತು. ಸಾಲಿನಲ್ಲಿದ್ದವರ ಯಾರ ಕೈಯಲ್ಲೂ ಕಾಗದವಿರಲಿಲ್ಲ. “ಅದರದೇ ಒಂದು ಪ್ರತಿ ಕೊಡ್ರಿ,” ಎಂದು ಪಿಸುಗುಡುತ್ತಿದ್ದರು. ಅಮಾತೆಪ್ಪ ಯಾವುದರದು ಎಂದು ಕೇಳಿದರೆ ಕಣ್ಣು ಮಿಟುಕಿಸುತ್ತಿದ್ದರು. ದೇವಿಂದ್ರನಿಗೆ ಕೊಟ್ಟ ಐದು ಪ್ರತಿಗಳು ಯಾರ್‍ಯಾರದೋ ಜೇಬು ಸೇರಿದ್ದವು. ಒಬ್ಬ ಅದು ಗುಡ್ಡದ ಹಿಂದಿನ ಬಾವಿ ಎಂದ. ಇನ್ನೊಬ್ಬ ಹಳೆಯ ರಾಜರ ಕಾಲದ ಬಾವಿ ಎಂದ. ಹಣಮಂತಮ್ಮ ಎಂಬಾಕೆ ನೇರವಾಗಿ ಬಂದು, “ನಮ್ಮ ಮುತ್ಯಾನ ಬಾವಿ ಅದು. ಏನು ಸಿಕ್ಕರೂ ಅರ್ಧ ನಂದು,” ಎಂದು ಹೇಳಿ, ಉತ್ತರಕ್ಕೂ ಕಾಯದೆ ಹೋದಳು. ಅಮಾತೆಪ್ಪ ಪ್ರತಿಯೊಬ್ಬರಿಗೂ ಕತೆಯನ್ನು ಮೊದಲಿನಿಂದ ಹೇಳಿದ. ಹಡಗು, ಹಗ್ಗ, ಕತ್ತಿ ಎಂದಷ್ಟೂ ಜನರ ನಂಬಿಕೆ ಗಟ್ಟಿಯಾಯಿತು. ಇಷ್ಟು ವಿವರ ಗೊತ್ತಿರಬೇಕಾದರೆ ಇವನು ಆ ಗುಂಪಿನಲ್ಲೇ ಇದ್ದವನು ಎಂದು ಸಾಲಿನ ಹಿಂದೆ ಯಾರೋ ಹೇಳಿದರು.

ಹನ್ನೊಂದೂವರೆಗೆ ಪೊಲೀಸ್ ಜೀಪು ಬಂದು ನಿಂತಿತು. ಫೌಜದಾರ ರೇಣುಕಾದೇವಿ ಇಳಿದರು. ಅವರ ಕೈಯಲ್ಲೂ ನಕಾಶೆಯ ಒಂದು ಪ್ರತಿ ಇತ್ತು.

“ಇದು ನಿಮ್ಮ ಬರವಣಿಗಿ ಏನ್ರಿ?”

“ಹೌದ್ರಿ ಮೇಡಂ.”

“ಕಳ್ಳಮಾಲು ಯಾರದು?”

“ಕ್ಯಾಪ್ಟನ್‌ದರಿ.”

“ಅವ ಎಲ್ಲಿ ಅದಾನ?”

“ನಿನ್ನೆ ಮೂರೂ ನಲ್ವತ್ತಕ್ಕ ತೀರ್ಕೊಂಡ್ರಿ,” ಎಂದ ಅಮಾತೆಪ್ಪ. ಮಾತು ಬಾಯಿಂದ ಹೊರಬಿದ್ದ ಮೇಲೆ, ಇದು ಸರಿಹೋಗಲಿಲ್ಲ ಎಂದು ಅವನಿಗೇ ಅನಿಸಿತು. ಜನ ಒಂದು ಹೆಜ್ಜೆ ಹಿಂದೆ ಸರಿದರು. ಅಂಬಣ್ಣ ಸ್ಟೂಲು ಎತ್ತಿಕೊಂಡು ಮೆಲ್ಲಗೆ ತನ್ನ ಮೇಜಿಗೆ ವಾಪಸಾದ.

ಅಮಾತೆಪ್ಪ ಬೆವರು ಒರೆಸಿಕೊಂಡು ಮತ್ತೊಮ್ಮೆ ಹಡಗಿನಿಂದ ಶುರುಮಾಡಿದ. ಗಡ್ಡದ ಕ್ಯಾಪ್ಟನ್ ಎನ್ನುವಾಗ ರೇಣುಕಾದೇವಿಯವರ ಹುಬ್ಬು ಸಡಿಲಿತು. ಹಗ್ಗಕ್ಕೆ ಜೋತುಬಿದ್ದ ಹೀರೋ ಎನ್ನುವಾಗ ಅವರು ನಕ್ಕೇಬಿಟ್ಟರು.

“ಕ್ಯಾಪ್ಟನ್ ಯಾವಾಗಲೂ ಒಂದು ದೊಡ್ಡ ಕುರ್ಚಿ ಮ್ಯಾಲ ಕುಂತಿರ್ತಾನ, ಅದೇ ಸಿನಿಮಾ ಅಲ್ಲೇನ್ರಿ? ನಿನ್ನೆ ನಂಗ ಸೂಟಿ ಇತ್ತು. ಯಾದಗಿರಿಗಿ ನಮ್ಮಕ್ಕನ ಮನಿಗಿ ಹೋಗಿದ್ದೆ. ಅಲ್ಲಿ ಕರೆಂಟ್ ಹೋಗಿರ್ಲಿಲ್ಲ. ಪೂರಾ ನೋಡೀನಿ.”

ಅಮಾತೆಪ್ಪ ಕೈಮುಗಿದ. “ಮೇಡಂ, ಜೈಲಿಗೆ ಬೇಕಾದ್ರ ಹಾಕ್ರಿ. ಪೆಟ್ಟಿಗಿ ಎಲ್ಲಿತ್ತು, ಅದೊಂದು ಹೇಳಿಬಿಡ್ರಿ!”

“ಆ ಕುರ್ಚಿನೇ ಪೆಟ್ಟಿಗಿರಿ! ಸಿನಿಮಾ ಪೂರಾ ಅವ ಅದರ ಮ್ಯಾಲೇ ಕುಂತಿದ್ದ.”

ಅಮಾತೆಪ್ಪನ ಮುಖ ಅರಳಿತು. ಹಲ್ಲಿನ ಸಂದಿಯ ಕಡ್ಡಿ ಕಡೆಗೂ ಕಿತ್ತು ಬಂತು. ರೇಣುಕಾದೇವಿ ಜನರತ್ತ ತಿರುಗಿ, “ಕೇಳಿದ್ರಿಲ್ಲ? ಸಿನಿಮಾ ಅದು. ನಿಮಗೆಲ್ಲ ಮಾಡಾಕ ಬ್ಯಾರೆ ಕೆಲಸ ಇಲ್ಲೇನು?” ಎಂದು ಗದರಿದರು. ಜನ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಚದುರತೊಡಗಿದರು. ಯಾರೋ ಫೌಜದಾರರಿಗೂ ಅಮಾತೆಪ್ಪನಿಗೂ ಚಹಾ ತಂದರು. ಬೆಳಗಿನಿಂದ ಅವನ ಬಾಯಿಗೆ ಬಿದ್ದ ಮೊದಲ ಗುಟುಕು ಅದು.

ಎರಡನೆಯ ಗುಟುಕಿಗೆ ಆಟೋ ಒಂದು ಬಂದು ನಿಂತಿತು. ಒಳಗಿಂದ ಜೈತುನಬೀಯ ತಲೆ ಹೊರಬಂತು.

“ಅಮಾತೆಪ್ಪ! ನಿನ್ನ ಹೇಣ್ತಿ ಹಾರಿ-ಸಲಿಕಿ ತಗೊಂಡು ಬಾವಿ ಕಡೆ ಅಗದಾಳ! ಪೆಟ್ಟಿಗಿ ಬಂದದ!”

ಚದುರುತ್ತಿದ್ದವರೆಲ್ಲ ನಿಂತರು. ರೇಣುಕಾದೇವಿ ಕಪ್ಪನ್ನು ಕೆಳಗಿಟ್ಟು ಅಮಾತೆಪ್ಪನನ್ನು ಮೇಲಿಂದ ಕೆಳಗೆ ನೋಡಿದರು. “ಸಿನಿಮಾ, ಹೌದಿಲ್ಲ?” ಎಂದರು ಮೆಲ್ಲಗೆ. “ಹತ್ರಿ ಜೀಪು.”

ಜೀಪಿನಲ್ಲಿ ಅಮಾತೆಪ್ಪನಿಗೆ ಏನೂ ತಿಳಿಯಲಿಲ್ಲ. ಪೆಟ್ಟಿಗೆ ಕುರ್ಚಿಯಾಗಿತ್ತು. ಕುರ್ಚಿ ಹಡಗಿನಲ್ಲಿತ್ತು. ಹಡಗು ಸಮುದ್ರದಲ್ಲಿತ್ತು. ಅದು ತನ್ನ ಹಿತ್ತಲಿಗೆ ಹೇಗೆ ಬಂತು?

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಮಗುಚಿ ಬಿದ್ದಿತ್ತು. ಅದರ ಬುಡದ ಗುಂಡಿಯ ಪಕ್ಕ ದುರ್ಗಾ ಕೆನ್ನೆಗೆ ಮಣ್ಣು ಬಳಿದುಕೊಂಡು ನಿಂತಿದ್ದಳು. ಸೆರಗಿನೊಳಗೆ ಏನನ್ನೋ ಅವುಚಿಕೊಂಡಿದ್ದಳು. ಗೋಡೆಯಾಚೆ ಬೀದಿಯ ಅರ್ಧ ಜನ ಕತ್ತು ಚಾಚಿದ್ದರು. ರೇಣುಕಾದೇವಿ ಕೈಚಾಚಿದಾಗ ಅವಳು ಒಂದು ಸ್ಟೀಲಿನ ಡಬ್ಬಿ ಕೊಟ್ಟಳು. ಮುಚ್ಚಳ ತೆಗೆದರೆ ಒಳಗೆ ಹಳೆಯ ರವಿಕೆ ಬಟ್ಟೆ. ಬಟ್ಟೆಯೊಳಗೆ ಬಂಗಾರದ ಗುಂಡು ಪೋಣಿಸಿದ ಬೋರಮಾಳ ಸರ.

ಅಮಾತೆಪ್ಪ ಅದನ್ನು ಮೊದಲ ನೋಟಕ್ಕೇ ಗುರುತು ಹಿಡಿದ. ದುರ್ಗಾಳ ತಾಯಿ ಮದುವೆಯಲ್ಲಿ ಹಾಕಿದ ಸರ. ಎರಡು ವರ್ಷದ ಕೆಳಗೆ, ಅದನ್ನು ಮಾರಿ ಬಣ್ಣದ ಝೆರಾಕ್ಸ್ ಮಷೀನು ತರುತ್ತೇನೆಂದು ಅವನು ಹೇಳಿದ ಮರುದಿನವೇ ಅದು ಕಳುವಾಗಿತ್ತು. ದುರ್ಗಾ ಮೂರು ದಿನ ಉಣ್ಣದೆ ಅತ್ತಿದ್ದಳು. ಠಾಣೆಗೆ ದೂರು ಕೊಟ್ಟಿದ್ದಳು. ಅರ್ಜಿ ಬರೆದವನು ಅಂಬಣ್ಣನೇ. ಅವಳ ದುಃಖ ನೋಡಲಾರದೆ ಅಮಾತೆಪ್ಪ ಮಷೀನಿನ ಮಾತನ್ನು ಮತ್ತೆ ಎತ್ತಿರಲಿಲ್ಲ.

“ಅರೆ, ಇದು ಅದೇ ಸರ!” ಎಂದ ಜೀಪಿನ ಹಿಂದೆಯೇ ಬಂದಿದ್ದ ಅಂಬಣ್ಣ, ಗೋಡೆಯ ಮೇಲಿಂದ. “ಹದಿನೆಂಟು ಗುಂಡು ಅಂತ ನಾನೇ ಬರ್ದೀನಿ. ಎಣಿಸ್ರಿ!”

ರೇಣುಕಾದೇವಿ ಎಣಿಸಿದರು. ಹದಿನೆಂಟಿದ್ದವು. “ಕಳುವಾಗ್ಯಾದ ಅಂತ ದೂರು ಕೊಟ್ಟ ಸರ ನಿಮ್ಮ ಹಿತ್ತಲಾಗ ಹೆಂಗ ಬಂತು? ಇಲ್ಲಿ ಹೂತವರು ಯಾರು? ಸುಳ್ಳು ದೂರು ಕೊಟ್ರ ಏನಾಗ್ತದ ಅಂತ ಗೊತ್ತದಿಲ್ಲ?”

ದುರ್ಗಾ ತಲೆ ಎತ್ತಲಿಲ್ಲ. ಆಗ ಅಮಾತೆಪ್ಪನಿಗೆ ಬೆಳಗಿನಿಂದ ಮೊದಲ ಬಾರಿಗೆ ಒಂದು ವಿಷಯ ಸ್ಪಷ್ಟವಾಯಿತು. ಸರ ಮಾರಬಾರದೆಂದು ಅದನ್ನು ಹೂತವಳು ಇವಳೇ. ಜೈತುನಬೀ ಬಂದು ನಕಾಶೆಯ ಸುದ್ದಿ ಹೇಳಿದಾಗ, ಗಂಡನಿಗೆ ಗುಟ್ಟು ತಿಳಿಯಿತೆಂದು ಹೆದರಿ ಇವಳು ಡಬ್ಬಿಯ ಜಾಗ ಬದಲಿಸಲು ಹೊರಟಿದ್ದಾಳೆ. ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎದೆಯೊಳಗೆ ಏನೋ ಹಗ್ಗಕ್ಕೆ ಜೋತುಬಿದ್ದು ಆಚೆ ದಡಕ್ಕೆ ಹಾರಿದಂತಾಯಿತು.

“ನಾನೇ ಮೇಡಂ,” ಎಂದ. “ನಾನೇ ಕದ್ದು ಹೂತಿಟ್ಟಿದ್ದೆ.”

ದುರ್ಗಾ ಬೆಚ್ಚಿ ತಲೆ ಎತ್ತಿದಳು.

“ಮತ್ತ ನಕಾಶಿ ಯಾಕ ಬರೆದ್ರಿ?”

“ಎಲ್ಲಿಟ್ಟೀನಂತ ಮರೀಬಾರ್ದಂತ್ರಿ.”

ರೇಣುಕಾದೇವಿ ಅವನನ್ನು ನೋಡಿದರು. ಹಾರೆ ಹಿಡಿದು ಬೊಬ್ಬೆ ಎದ್ದ ದುರ್ಗಾಳ ಅಂಗೈ ನೋಡಿದರು. “ಗಂಡ ಹೆಂಡ್ತಿ ಪಂಚಾಯ್ತಿ ಇದು. ಸರ ಸಿಕ್ತು ಅಂತ ಬರ್ದು ಕೊಡ್ರಮ್ಮಾ, ದೂರು ಮುಗಿಸ್ತೀನಿ,” ಎಂದರು. ಅಂಬಣ್ಣ ಗೋಡೆ ಹಾರಿ ಬಂದು ಅಲ್ಲೇ ಬರೆದ. ದುರ್ಗಾ ಸಹಿ ಮಾಡಿದಳು. ಅಮಾತೆಪ್ಪ ಕೆಳಗೆ, ತಪ್ಪಾಯಿತು ಎಂದು ಬರೆದು ಸಹಿ ಮಾಡಿದ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಹೆಂಡತಿಯ ಕೊರಳಿನ ಸರ ಕದ್ದು, ಮರೆಯಬಾರದೆಂದು ನಕಾಶೆ ಬರೆದು, ಅದನ್ನೂ ಐದು ಪ್ರತಿ ಮಾಡಿಕೊಂಡ ಮೊದಲ ಕಳ್ಳನನ್ನು ನೋಡಲು ಜನ ಅಂಗಡಿಯ ಮುಂದೆ ಎರಡೆರಡು ಸಲ ಸುಳಿದಾಡಿದರು. ಆಧಾರ್ ಕಾರ್ಡು ಒಯ್ಯಲು ಬಂದ ಜೈತುನಬೀ, ಕಾರ್ಡನ್ನು ಎರಡೂ ಬದಿ ತಿರುಗಿಸಿ ನೋಡಿ ಪರ್ಸಿಗೆ ಹಾಕಿಕೊಂಡಳು.

ಅಮಾತೆಪ್ಪ ಮಾತ್ರ ಎದೆ ಉಬ್ಬಿಸಿಕೊಂಡೇ ಮನೆಗೆ ಬಂದ. ದುರ್ಗಾ ಬಿಸಿ ಬಿಸಿ ರೊಟ್ಟಿ ಬಡಿದು, ಬೇಡವೆಂದರೂ ಬೆಣ್ಣೆ ಹಾಕಿದಳು. ಅವಳ ಕಣ್ಣು ಒದ್ದೆಯಾಗಿತ್ತು. ರೊಟ್ಟಿ ಮುರಿಯುತ್ತ ಅವನೇ ಮಾತು ತೆಗೆದ.

“ಸರ ಹಾಕ್ಕೋ ದುರ್ಗಾ. ಇನ್ನ ಯಾಕ ಮುಚ್ಚಿಡ್ತಿ?”

“ಬಸಲಿಂಗ ಬಂದಿದ್ದ ರೀ. ಅವನ ಕೈಯಾಗ ಶಹಾಪುರಕ್ಕ ಕಳಿಸಿಬಿಟ್ಟೆ.”

“ಯಾಕ?”

ದುರ್ಗಾ ಇನ್ನೊಂದು ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಈ ಮನ್ಯಾಗ ಕಳ್ಳ ಅದಾನಂತ ಊರಿಗೇ ಗೊತ್ತಾಗ್ಯಾದ. ನಾ ಹೆಂಗ ಇಟ್ಕೊಳ್ಳಿ, ನೀವೇ ಹೇಳ್ರಿ.”