ಟೈಲರಣ್ಣನ ಹೆಬ್ಬೆರಳು ಮತ್ತು ಕಹಿ ಟೀ

ಚುಚ್ಚಿದ್ದು ಒಂದು ಪುಟ್ಟ ಸೂಜಿ. ಟೈಲರಣ್ಣನ ಬಲಗೈ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಕತ್ತರಿ ಹಿಡಿಯುವುದಿರಲಿ, ತನ್ನ ಅಂಗಿಯ ಗುಂಡಿ ಹಾಕಿಕೊಳ್ಳಲಿಕ್ಕೂ ಹೆಂಡತಿ ಬೇಕಾಯಿತು. ಆ ಬೆರಳು ಹೋದರೆ ಅಂಗಡಿಯೂ ಹೋದ ಹಾಗೇ. ಕೀವು ಪರೀಕ್ಷೆಗೆ ಹೋಗಿತ್ತು, ಡಾಕ್ಟರಮ್ಮ ಇವತ್ತು ಬರಹೇಳಿದ್ದರು.

ಹೊಸ್ತಿಲು ದಾಟುವಷ್ಟರಲ್ಲಿ ಇಸ್ತ್ರಿಯವನು ಅಡ್ಡ ಬಂದ. "ಅಣ್ಣಾ, ಹಲ್ಲುನೋವಿಗೆ ತಂದ ಆಂಟಿಬಯಾಟಿಕ್ ಎರಡು ಮಿಕ್ಕಿದೆ. ನುಂಗಿಬಿಡು."

"ನಿನ್ನ ಹಲ್ಲಿಗೂ ನನ್ನ ಬೆರಳಿಗೂ ಏನಯ್ಯಾ ಸಂಬಂಧ?"

ಮೆಟ್ಟಿಲ ಮೇಲೆ ಮನೆ ಓನರಮ್ಮ, ಕೈಯಲ್ಲಿ ಅರ್ಧ ಸ್ಟ್ರಿಪ್. "ಮೊಮ್ಮಗಳ ಭೇದಿಗೆ ತಂದಿದ್ದು. ಭೇದಿ ನಿಂತ್ಮೇಲೆ ಕೊಡಲಿಲ್ಲ. ದುಬಾರಿ ಮಾತ್ರೆ, ಬಿಸಾಡೋಕೆ ಮನಸ್ಸು ಬರಲಿಲ್ಲ ಕಣಪ್ಪಾ."

ಕೋಪ ಬಾರದೆ ಇನ್ನೇನು ಬಂದೀತು, ಹೇಳಿ! ಟೈಲರಣ್ಣನ ಪಿತ್ತ ನೆತ್ತಿಗೇರಿತು.

"ಔಷಧಿ ಅಂದ್ರೆ ಮಿಕ್ಕಿದ ಅಡುಗೆನಾ, ಪಕ್ಕದ ಮನೆಗೆ ಹಂಚೋಕೆ? ಡಾಕ್ಟರು ಬರೆದುಕೊಡದ ಒಂದು ಮಾತ್ರೇನೂ ಮುಟ್ಟಿದವನಲ್ಲ ನಾನು! ಶೀತ ಬರಲಿ, ಜ್ವರ ಬರಲಿ, ನಮ್ಮವಳ ಕಹಿ ಟೀ ಒಂದು ಲೋಟ ಕುಡಿದ್ರೆ ಎದ್ದು ಕೂತ್ಕೋತೀನಿ!"

"ನೋವಿಗೆ ಕೂಗಾಡ್ತಾರೆ, ಬೇಜಾರು ಮಾಡ್ಕೋಬೇಡಿ" ಎಂದು ಹೆಂಡತಿ ಇಬ್ಬರನ್ನೂ ಸಮಾಧಾನ ಮಾಡಿದಳು. "ರೀ, ನೀವು ನಡೀತಿರಿ. ಟೀ ಮಾಡ್ಕೊಂಡು ಹಿಂದೇನೇ ಬರ್ತೀನಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಭಂಡ ಬ್ಯಾಕ್ಟೀರಿಯಾ ಕಣ್ರೀ ಇದು. ಮಾಮೂಲಿ ಆಂಟಿಬಯಾಟಿಕ್ ಒಂದಕ್ಕೂ ಜಗ್ತಿಲ್ಲ, ಎಲ್ಲಾನೂ ಒಟ್ಟಿಗೇ ಜೀರ್ಣ ಮಾಡ್ಕೊಂಡಿದೆ. ಇನ್ನು ಉಳಿದಿರೋದು ಒಂದೇ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ರೆ ಬೆರಳು ತೆಗೀಬೇಕಾಗುತ್ತೆ. ಇವತ್ತೇ ಅಡ್ಮಿಟ್ ಆಗಿ. ಅಲ್ಲಾ, ಸಿಕ್ಕಿದ ಮಾತ್ರೇನೆಲ್ಲ ಒಂದೊಂದು ನುಂಗ್ತಿದ್ರಾ?"

"ನಾನಾ!" ಟೈಲರಣ್ಣ ಕುರ್ಚಿಯಿಂದ ಎದ್ದೇಬಿಟ್ಟ. "ನುಂಗೋರು ಬೀದಿ ತುಂಬ ಇದ್ದಾರೆ ಡಾಕ್ಟರಮ್ಮಾ!"

"ಅವರಿಂದ ಹರಡಿರಲೂಬಹುದು. ಅರ್ಧಂಬರ್ಧ ನುಂಗಿದ್ರೆ ಬ್ಯಾಕ್ಟೀರಿಯಾ ಪೂರ್ತಿ ಸಾಯಲ್ಲ. ಉಳಿದದ್ದು ಔಷಧಿಗೆ ಪಳಗುತ್ತೆ."

"ಅವರು ಸಾಕೋದು, ನಾನು ಬೆರಳು ಕಳ್ಕೊಳ್ಳೋದು! ಯಾವ ಸೀಮೆ ನ್ಯಾಯ ಇದು?"

ಅಷ್ಟರಲ್ಲಿ ಹೆಂಡತಿ ಫ್ಲಾಸ್ಕ್ ಹಿಡಿದು ಬಂದಳು. ಕೂಗಿ ಕೂಗಿ ಗಂಟಲು ಒಣಗಿತ್ತು. ಟೈಲರಣ್ಣ ಗಟಗಟ ಒಂದು ಲೋಟ ಇಳಿಸಿ, ಇಸ್ತ್ರಿಯವನನ್ನು ಬೈದ. ಇನ್ನೊಂದು ಲೋಟ ಇಳಿಸಿ, ಓನರಮ್ಮನನ್ನು ಬೈದ. ಆಮೇಲೆ ಮುಖ ಕಿವುಚಿದ.

"ಇವತ್ತೇನೇ ಇಷ್ಟೊಂದು ಕಹಿ?"

"ಇನ್ನೇನು ಮತ್ತೆ! ನೀವು ಸೀನಿದಾಗೆಲ್ಲ ಒಂದೋ ಎರಡೋ ಮಾತ್ರೆ ಪುಡಿ ಮಾಡಿ ಹಾಕ್ತಿದ್ದೆ. ಇವತ್ತು ಇಸ್ತ್ರಿಯವನದ್ದು, ಓನರಮ್ಮಂದು ಎಲ್ಲಾ ಸೇರಿಸಿದ್ದೀನಿ. ಮಾತ್ರೆ ಅಂದ್ರೆ ಮೈಮೇಲೆ ಬೀಳ್ತೀರಿ, ಇನ್ನು ಹೇಗ್ರೀ ಕುಡಿಸ್ಲಿ?"

ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಟೈಲರಣ್ಣ ಬಾಯಿ ತೆರೆದ. ಬೀದಿಯವರನ್ನೆಲ್ಲ ಬೈದು ಮುಗಿದಿತ್ತು, ಹೆಂಡತಿಗೆ ಅಂತ ಒಂದು ಬೈಗುಳವೂ ಉಳಿದಿರಲಿಲ್ಲ.

ನರ್ಸ್ ಇಂಜೆಕ್ಷನ್ ಹಿಡಿದು ಬಂದಳು. ಹೆಂಡತಿ ಮೆಲ್ಲಗೆ ಅವಳ ಪಕ್ಕಕ್ಕೆ ಸರಿದಳು.

"ಸಿಸ್ಟರ್, ಅದರಲ್ಲಿ ಚೂರು ಮಿಕ್ಕಿದ್ರೆ ಬಿಸಾಡಬೇಡಿ. ಓನರಮ್ಮನಿಗೆ ಮಂಡಿನೋವು."