ಮಾವ ಹಾಸಿಗೆ ಮಾರಿದ್ದು

ನಮ್ಮ ಸೋದರಮಾವನಷ್ಟು ಅಳುಮೋರೆಯ ಮನುಷ್ಯ ಇಡೀ ತಿಪಟೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಪಣ ಕಟ್ಟಿ ಹೇಳಬಲ್ಲೆ. ಸಾವಿನ ಮನೆಗೆ ಮಾತಾಡಿಸಲು ಹೋದರೆ, ಆ ಮನೆಯವರು ತಮ್ಮ ದುಃಖ ಬದಿಗಿಟ್ಟು ಇವರನ್ನೇ ಸಮಾಧಾನ ಮಾಡಿ ಕಳಿಸಬೇಕಾಗುತ್ತಿತ್ತು! ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಅವರ ಮುಖ ‘ಇನ್ನು ನಿಮಗೆ ದೇವರೇ ಗತಿ’ ಎನ್ನುವಂತಿರುತ್ತಿತ್ತು. ಇಂಥವರು ಐವತ್ತರ ಆಸುಪಾಸಿನಲ್ಲಿ ಸೇಲ್ಸ್‌ಮನ್ ಆದರೆಂದರೆ ನಂಬುತ್ತೀರಾ?

ಮಾಡಿಸಿದ್ದು ನಮ್ಮಮ್ಮ. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮೂರು ಬಿಳಿಗೆರೆಯ ತಮ್ಮ ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ತಿರುಗುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಮಕ್ಕಳಿರಲಿಲ್ಲ. ನಾವು ಅತ್ತೆಯ ಮಾತೆತ್ತಿದರೆ ಸಾಕು, ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹಸು ದಪ್ಪಗಾಯಿತು, ಮಾವ ಇಳಿದುಹೋದರು.

“ತೆಂಗಿನ ಮರದ ಜೊತೆ ಎಷ್ಟು ದಿನ ಅಂತ ಇರ್ತೀಯ ಕಣ್ಲಾ? ನಾಕು ಜನದ ಜೊತೆ ಮಾತಾಡೋ ಕೆಲಸ ಹಿಡಿ” ಎಂದು ಅಮ್ಮ ಹಟ ಹಿಡಿದು, ತಿಪಟೂರಿನ ಪರಿಚಯದವರ ಹಾಸಿಗೆ-ಮಂಚದ ಅಂಗಡಿಗೆ ತಮ್ಮನನ್ನು ಸೇರಿಸಿಯೇಬಿಟ್ಟಳು. ನಾನು ಅಲ್ಲೇ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಮಾವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಅಂಗಡಿ ಮುಂದೆ ಇಳಿಸುವುದು, ಸಂಜೆ ಕರೆತರುವುದು ನನ್ನ ಪಾಲಿಗೆ ಬಂತು.

ಸೇರಿದ ವಾರವೇ ಮಾರುವ ಕಲೆ ಹೇಳಿಕೊಡಲು ಕಂಪನಿಯಿಂದ ಟೈ ಕಟ್ಟಿದ ಹುಡುಗನೊಬ್ಬ ಬಂದನಂತೆ. “ಸರ್, ಗ್ರಾಹಕ ಅಂದ್ರೆ ದೇವರು. ನೋಡಿದ ತಕ್ಷಣ ನಗಬೇಕು” ಎಂದ.

“ದೇವ್ರ ಮುಂದೆ ಯಾರಪ್ಪ ನಗ್ತಾರೆ?” ಎಂದರು ಮಾವ. “ಎಲ್ಲರೂ ಅಳೋಕೇ ತಾನೇ ಹೋಗೋದು?”

ಹುಡುಗ ಟೀ ಕುಡಿದು ಮುಂದಿನ ಊರಿಗೆ ಹೊರಟುಹೋದ.

ಆಮೇಲೆ ತುರುವೇಕೆರೆಯ ಕಡೆಯಿಂದ ಮದುವೆ ಮನೆಯವರು ಬಂದರು. ಮಗಳಿಗೆ ಉಡುಗೊರೆ ಕೊಡಲು ಮಂಚ, ಹಾಸಿಗೆ ಎಲ್ಲ ಆಯ್ದಾಗಿತ್ತು. ಹೆಣ್ಣಿನ ತಂದೆ ಕೊನೆಯದಾಗಿ, “ಗ್ಯಾರಂಟಿ ಎಷ್ಟು ವರ್ಷ?” ಎಂದರು.

“ಹಾಸಿಗೆಗೆ ಹತ್ತು ವರ್ಷ” ಎಂದು ಮಾವ ನಿಟ್ಟುಸಿರು ಬಿಟ್ಟರು. “ಮಲಗೋರಿಗೆ ಕಂಪನಿಯೋರು ಏನೂ ಬರ್ಕೊಡಲ್ಲ.”

ಮದುವೆ ಮನೆಯವರ ಮುಂದೆ ಆಡುವ ಮಾತೇ ಇದು! ಅವರು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದರು. ಸಂಜೆ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮ ಮಾವನಿಗೆ ಈ ತಿಂಗಳಲ್ಲಿ ಒಂದು ದಿಂಬಾದ್ರೂ ಮಾರೋಕೆ ಹೇಳಮ್ಮ. ಇಲ್ಲಾಂದ್ರೆ ನನ್ನ ಕೈಲಿ ಆಗಲ್ಲ” ಎಂದರು. ಮನೆಗೆ ಬಂದು ಹೇಳಿದರೆ ಅಮ್ಮ ಒಲೆ ಮುಂದೆ ಕೂತುಬಿಟ್ಟಳು. “ಇದೂ ಹೋದ್ರೆ ಅವನು ತಿರ್ಗಾ ಮೂಲೆ ಹಿಡೀತಾನೆ ಕಣೇ. ಆಮೇಲೆ ನಮಗೆ ಸಿಕ್ಕಲ್ಲ.”

ಮಾವನನ್ನು ಉಳಿಸಿದ್ದು ಕೊಬ್ಬರಿ ಹರಾಜು. ಹರಾಜಿನ ದಿನ ಅರಳಗುಪ್ಪೆಯ ರೈತರೊಬ್ಬರು ಕೊಬ್ಬರಿ ಮಾರಿ ಜೇಬು ತುಂಬಿಸಿಕೊಂಡು ಬಂದು, ಅಂಗಡಿಯಲ್ಲೇ ಎಲ್ಲಕ್ಕಿಂತ ಮೆತ್ತನೆಯ ಹಾಸಿಗೆ ತೋರಿಸಿ ಎಂದರಂತೆ.

“ಸೊಂಟ ನೋವೈತಾ?” ಎಂದರು ಮಾವ.

“ಐತೆ.”

“ಹಂಗಾದ್ರೆ ಬ್ಯಾಡ ಬುಡಿ. ಇದ್ರಲ್ಲಿ ಮಲಗಿದ್ರೆ ಎಬ್ಬಿಸೋಕೆ ನಾಕು ಜನ ಬೇಕಾಯ್ತದೆ.” ಹೀಗೆಂದು ಗಟ್ಟಿ ಹಾಸಿಗೆಯೊಂದನ್ನು ತೋರಿಸಿದರು.

“ಇದ್ರೊಳಗೆ ಏನೈತೆ?”

“ತೆಂಗಿನ ನಾರು.”

“ಅಲ್ರೀ, ನಮ್ ತೋಟದ್ದನ್ನೇ ನಮಗೆ ಮಾರ್ತೀರಾ?”

“ಹೂಂ ಕಣ್ರೀ. ಬ್ಯಾಡ ಅಂತ ನೀವು ಬಿಸಾಕ್ತೀರಿ, ಹೊಲಿದು ನಾವು ವಾಪಸ್ ಕೊಡ್ತೀವಿ. ತೆಂಗು ಬೆಳೆಯೋರ ಹಣೇಬರಾನೇ ಇಷ್ಟು.”

ರೈತರು ಕೆಮ್ಮು ಬರುವಷ್ಟು ನಕ್ಕರು. ಹಾಸಿಗೆ ಟೆಂಪೋ ಏರಿತು. ಮುಂದಿನ ಹರಾಜಿಗೆ ಬಂದಾಗ ಬೀಗರನ್ನೂ ಜೊತೆಗೆ ಕರೆತಂದು, “ಎಲ್ಲಿ, ಆ ಅಳೋ ಯಜಮಾನ್ರು?” ಎಂದು ಕೇಳಿದರು. ಅಲ್ಲಿಂದ ಶುರುವಾಯಿತು ನೋಡಿ! ಮೂರು ತಾಲ್ಲೂಕಿನ ಸೊಂಟ ನೋವಿನವರು, ನಿದ್ದೆ ಬಾರದವರು ಎಲ್ಲರೂ ಮಾವನನ್ನೇ ಹುಡುಕಿಕೊಂಡು ಬರತೊಡಗಿದರು. ಹಾಸಿಗೆಯ ದೋಷವನ್ನೆಲ್ಲ ಮಾವ ಹೇಳಿ ಮುಗಿಸುವುದರೊಳಗೆ ಅವರು ಕೊಂಡಾಗಿರುತ್ತಿತ್ತು. ಒಂದು ದಿನ ಮಾವ ಯಾಕೋ ಸ್ವಲ್ಪ ಮುಗುಳ್ನಕ್ಕರೆ ಮಾಲೀಕರು ಗಾಬರಿಯಾಗಿ, “ವ್ಯಾಪಾರದ ಟೈಮಲ್ಲಿ ಇದೆಲ್ಲ ಬೇಡ” ಎಂದರಂತೆ! ಚಿಕ್ಕನಾಯಕನಹಳ್ಳಿಯಲ್ಲಿ ತೆರೆಯುವ ಹೊಸ ಅಂಗಡಿಗೆ ನೀವೇ ಮ್ಯಾನೇಜರ್ ಎಂಬ ಮಾತೂ ಬಂತು.

ಅಮ್ಮ ಪಾಯಸ ಮಾಡಿದಳು. ಆದರೆ ನನಗೆ ಮಾತ್ರ ಗೊತ್ತಿತ್ತು, ಅಮ್ಮನ ಮದ್ದು ನಾಟಿರಲಿಲ್ಲ. ಅಂಗಡಿಯ ಮೆಟ್ಟಿಲಿಳಿದರೆ ಮಾವನ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಸ್ಕೂಟರಿನ ಹಿಂದೆ ಅಕ್ಕಿ ಮೂಟೆ ಇಟ್ಟುಕೊಂಡು ಬಂದಂತೆ ನಾನು ಅವರನ್ನು ಊರಿಗೆ ತರುತ್ತಿದ್ದೆ. ಮನೆ ಬಾಗಿಲು ತೆಗೆದು ಒಳಗೆ ಹೋದರೆ ದೀಪ ಹಾಕಲೂ ಹೊತ್ತಾಗುತ್ತಿತ್ತು.

ಒಂದು ಸಂಜೆ ನಾನು ಕರೆತರಲು ಹೋದಾಗ ಹಂದನಕೆರೆಯ ವೃದ್ಧರೊಬ್ಬರು ಸೊಸೆಯ ಜೊತೆ ಅಂಗಡಿಯಲ್ಲಿದ್ದರು. “ಒಬ್ಬರು ಮಲಗೋ ಮಂಚ ಬೇಕಿತ್ತು” ಎಂದಳು ಸೊಸೆ. “ನಮ್ಮತ್ತೆ ಹೋದ್ಮೇಲೆ ಆ ದೊಡ್ಡ ಮಂಚ ನೋಡಿದಾಗೆಲ್ಲ ಇವರು ಅಳ್ತಾರೆ. ನಮಗೆ ನೋಡೋಕಾಗಲ್ಲ.” ಮಾಲೀಕರು ಆಗಲೇ ಒಂಟಿ ಮಂಚವನ್ನು ಮುಂದಕ್ಕೆ ಎಳೆಸಿದ್ದರು. ವೃದ್ಧರು ಅದರ ಅಂಚನ್ನು ಸವರುತ್ತ ನಿಂತಿದ್ದರು.

ಮಾವ ಅವರ ಹತ್ತಿರ ಹೋದರು. “ಅವರು ಯಾವ ಕಡೆ ಮಲಗ್ತಿದ್ರು?”

“ಬಾಗಿಲ ಕಡೆ” ಎಂದರು ವೃದ್ಧರು.

“ಹಂಗಾದ್ರೆ ಇದು ಬ್ಯಾಡ ಬುಡಿ. ನಾನು ಈಗ್ಲೂ ಗೋಡೆಗೆ ಒತ್ಕೊಂಡೇ ಮಲಗ್ತೀನಿ. ಆ ಕಡೆ ಅವಳ್ದು. ಮಂಚ ಚಿಕ್ಕದಾದ್ರೆ ಅಳು ನಿಲ್ಲಲ್ಲಮ್ಮ” ಎಂದು ಸೊಸೆಯ ಕಡೆ ತಿರುಗಿದರು. “ಅಳೋಕೆ ಜಾಗ ಸಾಲಲ್ಲ, ಅಷ್ಟೇ.”

ಇಬ್ಬರು ಗಂಡಸರೂ ಆ ಮಂಚದ ಮೇಲೇ ಪಕ್ಕಪಕ್ಕ ಕೂತರು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಲೀಕರು ಟೀ ತರಿಸಿದರು. ಏನೂ ಕೊಳ್ಳದೆ ಅವರು ಹೊರಟಾಗ ಮಾವ ಬಸ್ ಸ್ಟ್ಯಾಂಡಿನವರೆಗೂ ಕಳಿಸಿ ಬಂದರು.

ಸ್ಕೂಟರ್ ತಿಪಟೂರು ದಾಟಿ ತೋಟಗಳ ನಡುವೆ ಬಂದಾಗ ಬೆನ್ನ ಹಿಂದಿನಿಂದ ದನಿ ಬಂತು. “ನಿಮ್ಮತ್ತೆ ರಾತ್ರಿಯೆಲ್ಲ ಕಂಬಳಿ ಪೂರ್ತಿ ಎಳ್ಕೊಂಬುಡೋಳು ಕಣೇ.”

ನಾನು ಸ್ಕೂಟರ್ ನಿಧಾನ ಮಾಡಿದೆ. “ಆಮೇಲೆ?” ಎಂದೆ ಮೆಲ್ಲಗೆ.

“ಆಮೇಲೇನು, ಕೇಳಿದ್ರೆ ನಾನಲ್ಲ ಅನ್ನೋಳು...”

ಮಾವ ನಗುತ್ತಿದ್ದರೋ ಅಳುತ್ತಿದ್ದರೋ, ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಮಾತು ಒಂದರ ಹಿಂದೊಂದು ಬರುತ್ತಲೇ ಇತ್ತು. ನಮ್ಮೂರಿನ ತಿರುವು ಬಂತು. ನಾನು ತಿರುಗಿಸದೆ ಸ್ಕೂಟರನ್ನು ನೇರ ಬಿಟ್ಟೆ.