ಅರ್ಥವಾದರೆ ತುಪ್ಪ

ನನ್ನ ಸೋದರತ್ತೆ ಕಾನೂನಿನ ಒಂದು ಪುಟವನ್ನೂ ಓದಿದವಳಲ್ಲ. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಕೋರ್ಟುಗಳಲ್ಲಿ ಕರಿಕೋಟು ತೊಟ್ಟು ಗಂಭೀರವಾಗಿ ಓಡಾಡುವ ವಕೀಲರಲ್ಲಿ ಅರ್ಧಕ್ಕರ್ಧ ಮಂದಿ ಅವಳ ಕೈಯಲ್ಲಿ ನಪಾಸಾದವರು. ನಪಾಸಾದವರಲ್ಲಿ ಮೊದಲ ದರ್ಜೆ ಬಂದವನು ನಾನು!

ಎಪ್ಪತ್ತರ ದಶಕದ ಕೊನೆಯ ಮಾತು. ಅತ್ತೆ ಸಾಗರದ ಕೋರ್ಟಿನ ಹಿಂದೆ ಬಾಡಿಗೆ ಮನೆಯೊಂದರಲ್ಲಿ ಊಟದ ಮೆಸ್ಸು ನಡೆಸುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು. ಅವರ ಪಾಲಿನ ಜಮೀನಿಗಾಗಿ ಮೈದುನರ ಮೇಲೆ ದಾವೆ ಹೂಡಿ, ಸೋತು, ಉಳಿದ ಪಾತ್ರೆ ಪಡಗ ಹಿಡಿದುಕೊಂಡು ಸಾಗರದಲ್ಲಿ ಬಸ್ಸಿಳಿದಿದ್ದಳಂತೆ. ಊಟಕ್ಕೆ ಬರುತ್ತಿದ್ದವರು ನಾವು, ಕಾನೂನು ವಿದ್ಯಾರ್ಥಿಗಳು. ಬೆಳಗ್ಗೆ ರೈಲು ಹತ್ತಿ ಶಿವಮೊಗ್ಗದಲ್ಲಿ ಕಾನೂನು ಕಲಿತು, ಸಂಜೆ ಸಾಗರಕ್ಕೆ ಬಂದು ವಕೀಲರ ಆಫೀಸುಗಳಲ್ಲಿ ಕಲಿತದ್ದನ್ನು ಮರೆಯುತ್ತಿದ್ದೆವು. ನಾನು ತೀರ್ಥಹಳ್ಳಿಯಿಂದ ಬಂದವನು. ಅತ್ತೆ ನನಗೊಬ್ಬನಿಗೇ ಅತ್ತೆಯಾದರೂ ಊರಿಗೆಲ್ಲ ಅತ್ತೆಯೇ ಆಗಿದ್ದಳು.

ಮೆಸ್ಸಿಗೆ ಇದ್ದದ್ದು ಒಂದೇ ಕಾನೂನು. ಊಟಕ್ಕೆ ಕೂತವನು ಅವತ್ತು ಓದಿದ ಒಂದು ಕಲಮನ್ನು ಅತ್ತೆಗೆ ಹೇಳಬೇಕು. ಅವಳಿಗೆ ಅರ್ಥವಾದರೆ ಬಿಸಿ ಅನ್ನದ ಮೇಲೆ ತುಪ್ಪ. ಆಗದಿದ್ದರೆ ತುಪ್ಪದ ಗಿಂಡಿ ಪಕ್ಕದ ಎಲೆಗೆ ದಾಟುತ್ತಿತ್ತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ನಾನೊಮ್ಮೆ ಜೀವನಾಂಶದ ಕಲಮನ್ನು ಬಾಯಿಪಾಠ ಮಾಡಿಕೊಂಡು ಬಂದೆ. "ಸಾಕಷ್ಟು ವರಮಾನವುಳ್ಳ ಯಾವನೇ ವ್ಯಕ್ತಿಯು, ತನ್ನನ್ನು ತಾನು ಪೋಷಿಸಿಕೊಳ್ಳಲು ಅಸಮರ್ಥಳಾದ ಪತ್ನಿಯನ್ನು ಉಪೇಕ್ಷಿಸಿದಲ್ಲಿ..."

"ನಿಲ್ಸು ಮಾರಾಯ. ಯಾರು ಯಾರಿಗೆ ಎಂತ ಮಾಡಿದ್ರು?"

"ಹಾಗಲ್ಲ ಅತ್ತೆ, ಇದು ಒಂದು ತತ್ತ್ವ..."

"ತತ್ತ್ವಕ್ಕೆ ತುಪ್ಪ ಇಲ್ಲ. ಮಜ್ಜಿಗೆ ಹಾಕ್ಸ್ಕೊ."

ಪಕ್ಕದ ಎಲೆಯ ಮುಂದೆ ಕೂತಿದ್ದವನು ಹೊಸನಗರದ ಗೆಳೆಯ. ಅವನು ಅನ್ನದ ಗುಡ್ಡೆಯಲ್ಲಿ ಗುಳಿ ಮಾಡಿಕೊಂಡೇ ಹೇಳಿದ: "ದುಡಿಯೋ ಗಂಡ ಹೆಂಡ್ತೀನ ನಡುಬೀದೀಲಿ ಬಿಟ್ರೆ ತಿಂಗ್ಳು ತಿಂಗ್ಳು ಖರ್ಚಿಗೆ ಕೊಡ್ಬೇಕು ಅತ್ತೆ. ಕೊಡ್ದಿದ್ರೆ ಜೈಲು." ಅವನ ಅನ್ನ ತುಪ್ಪದಲ್ಲಿ ತೇಲಿತು! ವರ್ಷ ತಿರುಗುವಷ್ಟರಲ್ಲಿ ಅವನಿಗೆ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ನನ್ನ ಅಂಗಿಯಲ್ಲಿ ಇನ್ನೊಬ್ಬರಿಗೆ ಜಾಗವಿತ್ತು.

ಮೆಸ್ಸಿನಲ್ಲಿ ಗ್ರಂಥಾಲಯವೂ ಇತ್ತು ಎಂದರೆ ನಂಬುತ್ತೀರಾ? ತೀರಿಕೊಂಡ ವಕೀಲರೊಬ್ಬರ ಪುಸ್ತಕಗಳನ್ನು ಮನೆಯವರು ರದ್ದಿಗೆ ಹಾಕುತ್ತಿದ್ದಾಗ ಅತ್ತೆ ಅಡ್ಡ ನಿಂತು, ಗಾಡಿ ಮಾಡಿಸಿ ತಂದಿದ್ದಳು. ಪುಸ್ತಕ ಕೊಳ್ಳಲಾಗದ ನಾವೆಲ್ಲ ಓದಿದ್ದು ಅವನ್ನೇ. ಅವುಗಳ ವಾಸ ಅಡುಗೆಮನೆಯ ಅಟ್ಟ. ಒಂದು ಪಕ್ಕ ಹಪ್ಪಳದ ಡಬ್ಬಿ, ಇನ್ನೊಂದು ಪಕ್ಕ ಇಂಗು. ಒಮ್ಮೆ ನಮ್ಮ ಹಿರಿಯ ವಕೀಲರು ವಾದದ ನಡುವೆ ಆ ಪುಸ್ತಕಗಳಲ್ಲೊಂದನ್ನು ನ್ಯಾಯಾಧೀಶರ ಕೈಗೆ ಕೊಟ್ಟರು. ಅವರು ಪುಟ ತೆರೆದರು, ಮೂಸಿದರು, ಗಡಿಯಾರ ನೋಡಿದರು, ಊಟದ ವಿರಾಮ ಘೋಷಿಸಿದರು.

ವಕೀಲಿಯ ಸನ್ನದು ಸಿಕ್ಕ ಹುಡುಗನಿಗೆ ಅತ್ತೆ ಪಾಯಸ ಮಾಡುತ್ತಿದ್ದಳು. ಮೊದಲ ಗುಟುಕು ಬಾಯಲ್ಲಿದ್ದಾಗಲೇ ಮಾತು ತೆಗೆದುಕೊಳ್ಳುತ್ತಿದ್ದಳು. "ಫೀಸು ಕೊಡಕ್ಕೆ ಗತಿ ಇಲ್ದೋರು ಬಾಗ್ಲಿಗೆ ಬಂದ್ರೆ ವಾಪಸ್ ಕಳಿಸ್ಬಾರ್ದು. ಎದುರುಪಾರ್ಟಿ ಯಾರಾದ್ರೂ ಆಗ್ಲಿ." ಬಾಯಲ್ಲಿ ಪಾಯಸ ಇರುವಾಗ ಯಾರಿಗೆ ತಾನೇ ಬೇಡವೆನ್ನಲಾದೀತು? ಸಂತೆಯ ದಿನ ಹಳೆಯ ಹುಡುಗರು ಮೂರು ತಾಲೂಕಿನಿಂದಲೂ ಊಟಕ್ಕೆ ಬರುತ್ತಿದ್ದರು. ಜಗಲಿಯಲ್ಲಿ ಕಾದು ಕೂತ ಬಡವರ ಕೇಸುಗಳನ್ನು ಹಂಚಿಕೊಂಡು, ಒಬ್ಬರ ವಾದಕ್ಕೆ ಇನ್ನೊಬ್ಬರು ಒಗ್ಗರಣೆ ಹಾಕಿ ಹೋಗುತ್ತಿದ್ದರು.

ಎಂಬತ್ತರ ದಶಕ ಕಾಲಿಟ್ಟಿತು, ಅದರ ಹಿಂದೆಯೇ ಅತ್ತೆಗೆ ಸಮನ್ಸು ಬಂತು. ಮನೆ ಖಾಲಿ ಮಾಡಬೇಕೆಂದು ದಾವೆ. ಮನೆಯ ಒಡತಿ ನಿಟ್ಟೂರಿನಲ್ಲಿ ತಮ್ಮನ ಆಶ್ರಯದಲ್ಲಿದ್ದ ವಿಧವೆ. ಗಂಡ ಹೊರಹಾಕಿದ ಮಗಳು ಎರಡು ಮಕ್ಕಳನ್ನು ಕಟ್ಟಿಕೊಂಡು ತಾಯಿಯ ಹತ್ತಿರ ಬಂದಿದ್ದಳು. ತಮ್ಮ ಅಷ್ಟು ಜನರನ್ನು ಇಟ್ಟುಕೊಳ್ಳಲು ಒಲ್ಲೆನೆಂದ. ವಕೀಲರಿಗೆ ಕೊಡಲು ಆಕೆಯ ಹತ್ತಿರ ಏನೂ ಇರಲಿಲ್ಲ. ಹಾಗಾಗಿ ಫೀಸು ಕೇಳದ ವಕೀಲ ಯಾರೆಂದು ವಿಚಾರಿಸಿ ನೇರವಾಗಿ ಹೋದದ್ದು ಎಲ್ಲಿಗೆ? ಹೊಸನಗರದಲ್ಲಿದ್ದ ನಮ್ಮ ತುಪ್ಪದ ಗೆಳೆಯನ ಆಫೀಸಿಗೆ!

ಅವನು ವಕಾಲತ್ತಿಗೆ ಸಹಿ ಹಾಕಿಸಿಕೊಂಡ ಮೇಲೆ ಮನೆಯ ವಿಳಾಸ ಓದಿದನಂತೆ. ಮಾರನೆಯ ದಿನವೇ ಬಸ್ಸು ಹತ್ತಿ ಬಂದು ಜಗಲಿಯಲ್ಲಿ ತಲೆ ತಗ್ಗಿಸಿ ನಿಂತ.

"ನಾ ಈ ಕೇಸು ಬಿಟ್ಬಿಡ್ತೀನಿ ಅತ್ತೆ."

"ಪಾಯ್ಸ ತಿಂದಿದ್ಯೋ ಇಲ್ವೋ?"

"ತಿಂದಿದೀನಿ."

"ಹಂಗಾರೆ ನಡ್ಸು. ನಾನೂ ಸುಮ್ನೆ ಬಿಡಲ್ಲ."

ಸೋತರೆ ಮನೆಯೂ ಹೋಯಿತು, ಮೆಸ್ಸೂ ಹೋಯಿತು, ಅವಳ ಅನ್ನವೂ ಹೋಯಿತು. ಇಂಥ ಕೇಸಿನಲ್ಲಿ ಅತ್ತೆಯ ವಕೀಲ ಯಾರು? ಸನ್ನದಿನ ಶಾಯಿ ಆರದ ನಾನು! ರಕ್ತಸಂಬಂಧ ಎಂಥೆಂಥವರನ್ನು ಹಾಳುಮಾಡಿಲ್ಲ?

ಅಟ್ಟದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಓದಿ ಇಂಗ್ಲಿಷಿನಲ್ಲಿ ಪ್ರಚಂಡವಾಗಿ ವಾದಿಸಿದೆ. ಅತ್ತೆ ತೂಕಡಿಸಿದಳು. ಗೆಳೆಯನೂ ಎದ್ದು ಇಂಗ್ಲಿಷಿನಲ್ಲೇ ಶುರು ಮಾಡಿದ. ಅತ್ತೆ ಎಚ್ಚೆತ್ತು ಕೈ ಎತ್ತಿದಳು.

"ಸ್ವಾಮಿ, ಹೋಗೋದು ನನ್ ಮನೆ. ಅವ್ನು ಎಂತ ಹೇಳ್ತಾನೆ ಅಂತ ನಂಗೆ ಗೊತ್ತಾಗ್ಬೇಕು."

ನ್ಯಾಯಾಧೀಶರು ಒಪ್ಪಿದರು. ಅವನು ಕೈಯಲ್ಲಿದ್ದ ಪುಸ್ತಕ ಮುಚ್ಚಿಟ್ಟು ಅವಳ ಕಡೆ ತಿರುಗಿದ.

"ಅತ್ತೆ, ಮನೆ ಅವ್ರದ್ದು. ಮಗ್ಳು ಮಕ್ಳನ್ನ ಕಟ್ಕೊಂಡು ಬಂದಿದಾಳೆ, ತಲೆ ಮೇಲೆ ಸೂರಿಲ್ಲ. ಬಿಟ್ರೆ ನಿಮ್ಗೂ ಕಷ್ಟ ಇದೆ. ಆದ್ರೆ ನೀವು ಬೇರೆ ಬಾಡಿಗೆ ಮನೆ ಹುಡುಕ್ಬಹುದು, ಅವ್ರಿಗೆ ಇರೋದು ಇದೊಂದೇ. ಯಾರ ಕಷ್ಟ ದೊಡ್ಡದು ಅಂತ ನೋಡಿ ತೀರ್ಮಾನ ಮಾಡ್ಬೇಕು. ಕಾನೂನು ಹೇಳೋದು ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಅತ್ತೆ ಸೆರಗು ಸರಿಮಾಡಿಕೊಂಡು ನ್ಯಾಯಾಧೀಶರಿಗೆ ಹೇಳಿದಳು: "ಅರ್ಥ ಆಯ್ತು ಸ್ವಾಮಿ. ಅವ್ನು ಹೇಳೋದೇ ಸರಿ. ಮನೆ ಬಿಡ್ತೀನಿ."

ನಾನು ದಡಬಡಿಸಿ ಎದ್ದೆ. "ಸ್ವಾಮಿ, ನನ್ನ ಕಕ್ಷಿದಾರರು ಭಾವೋದ್ವೇಗದಲ್ಲಿ..."

"ನೀ ಕೂತ್ಕೊ" ಎಂದರು. ಎಂದವರು ನ್ಯಾಯಾಧೀಶರಲ್ಲ, ನನ್ನ ಕಕ್ಷಿದಾರರು.

ಮುಂದೆ ಹಳೆಯ ಹುಡುಗರೆಲ್ಲ ಸೇರಿ ಸ್ಟೇಷನ್ನಿನ ಹತ್ತಿರ ಬೇರೆ ಮನೆ ಹುಡುಕಿದ್ದು, ರುಬ್ಬುವ ಕಲ್ಲು ಹೊತ್ತದ್ದು, ಮೆಸ್ಸು ಮತ್ತೆ ನಡೆದದ್ದು ಬೇರೆ ಮಾತು. ಅವತ್ತಿನ ಊಟದ ಹೊತ್ತಿಗೆ ಅದೊಂದೂ ನಮಗೆ ಗೊತ್ತಿರಲಿಲ್ಲ. ಗೆಳೆಯ ಎಲೆಯ ಮುಂದೆ ಕೂತು ಅನ್ನ ಮುಟ್ಟದೆ ಅಳುತ್ತಿದ್ದ.

ಅತ್ತೆ ಗಿಂಡಿ ಹಿಡಿದು ಬಂದಳು. "ಗೆದ್ದೋನು ಯಾಕೆ ಅಳ್ತೀಯ?"

"ನಿಮ್ಮ ಒಲೆ ಆರಿಸ್ದೆ ಅತ್ತೆ."

ಅವಳು ತುಪ್ಪ ಬಗ್ಗಿಸಿದಳು, ಅನ್ನ ತೇಲುವಷ್ಟು. "ಜಮೀನಿನ ಕೇಸು ಸೋತ ದಿನ ಎಲ್ರೂ ಇಂಗ್ಲಿಷಲ್ಲಿ ಮಾತಾಡಿ ಎದ್ದು ಹೋದ್ರು. ಗೆದ್ನೋ ಸೋತ್ನೋ ಗೊತ್ತಾಗ್ದೆ ನಾ ಬೆಂಚಿನ ಮೇಲೇ ಕೂತಿದ್ದೆ. ಬಾಗ್ಲು ಹಾಕಕ್ಕೆ ಬಂದೋನು ಹೇಳ್ದ, ಸೋತ್ರಿ ಅಮ್ಮ, ಮನೆಗೆ ಹೋಗಿ ಅಂತ. ಯಾಕೆ ಸೋತೆ ಅಂತ ಇವತ್ತಿಗೂ ಗೊತ್ತಿಲ್ಲ. ಇವತ್ತು ಯಾಕೆ ಸೋತೆ ಅಂತ ಗೊತ್ತು ಮಗ. ಉಣ್ಣು."

ನನ್ನ ಎಲೆಗೆ ಅವತ್ತೂ ಮಜ್ಜಿಗೆಯೇ ಬಿತ್ತು. ಅತ್ತೆಯ ಮುಖ ನೋಡಲಾಗದೆ ತಲೆ ಬಗ್ಗಿಸಿ ಉಂಡೆ. ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳಬೇಕಾಗಲಿಲ್ಲ.